ಡ್ಯೂಸ್ ಕೂಪೆ

ಡ್ಯೂಸ್ ಕೂಪೆ ಎಂಬುದು ಅಮೆರಿಕದ ಫೋರ್ಡ್ ಕಂಪನಿಯು 1932ರಲ್ಲಿ ತಯಾರಿಸಿದ ಎರಡು ಬಾಗಿಲುಗಳ ಕೂಪೆ ಕಾರಿಗೆ ಬಂದಿರುವ ರೂಢನಾಮ. ಇಸವಿಯ ಕೊನೆಯ ಅಂಕಿ 2 ಆಗಿರುವುದರಿಂದ, ಇಸ್ಪೀಟಿನಲ್ಲಿ ಎರಡರ ಎಲೆಯನ್ನು ಸೂಚಿಸುವ 'ಡ್ಯೂಸ್' ಎಂಬ ಪದ ಇದರೊಡನೆ ಸೇರಿಕೊಂಡಿತು. ಹಳೆಯ ಕಾರನ್ನು ಹೆಚ್ಚಿನ ವೇಗಕ್ಕಾಗಿ ಮಾರ್ಪಡಿಸಿದ ವಾಹನವನ್ನು 'ಹಾಟ್ ರಾಡ್' ಎನ್ನುತ್ತಾರೆ. ಅದಕ್ಕೆ ಆಧುನಿಕ ಸೌಕರ್ಯಗಳನ್ನೂ ಅಳವಡಿಸಿ ರಸ್ತೆ ಪ್ರಯಾಣಕ್ಕೆ ಒಗ್ಗಿಸಿದಾಗ ಅದು 'ಸ್ಟ್ರೀಟ್ ರಾಡ್' ಎನಿಸುತ್ತದೆ. ಈ ಎರಡೂ ಬಗೆಯ ಮಾರ್ಪಾಡಿಗೆ ಅತ್ಯಂತ ಹೆಸರಾದ ಕಾರುಗಳಲ್ಲಿ ಡ್ಯೂಸ್ ಕೂಪೆಯೂ ಒಂದು.

ಮೂಲ ಕಾರು

1932ರಲ್ಲಿ ಫೋರ್ಡ್ ಕಂಪನಿಯು ಎಂಟು ಸಿಲಿಂಡರುಗಳ ವಿ8 ಎಂಜಿನ್ನನ್ನು ಸಾಮಾನ್ಯರ ಕೈಗೆಟಕುವ ಬೆಲೆಯ ಕಾರಿನಲ್ಲಿ ಅಳವಡಿಸಿತು. ಅದುವರೆಗೆ ಇಂತಹ ಎಂಜಿನ್ನುಗಳು ಹೆಚ್ಚಾಗಿ ದುಬಾರಿ ಕಾರುಗಳಿಗೆ ಮೀಸಲಾಗಿದ್ದವು. 'ಫ್ಲಾಟ್‌ಹೆಡ್' ಎಂದು ಪ್ರಸಿದ್ಧವಾದ ಈ ಎಂಜಿನ್ನಿನ ಗಾತ್ರ 221 ಘನ ಅಂಗುಲ (ಸುಮಾರು 3.6 ಲೀಟರ್), ಸಾಮರ್ಥ್ಯ 65 ಅಶ್ವಶಕ್ತಿ. ಗಾಲಿಗಳ ಅಚ್ಚುಗಳ ನಡುವಣ ಅಂತರ 106 ಅಂಗುಲ. ಕೂಪೆಯಲ್ಲಿ ಮೂರು ಕಿಟಕಿಗಳದ್ದು ಮತ್ತು ಐದು ಕಿಟಕಿಗಳದ್ದು ಎಂಬ ಎರಡು ವಿನ್ಯಾಸಗಳಿದ್ದವು. ಮುಂದಿನ ಗಾಜನ್ನು ಈ ಎಣಿಕೆಗೆ ಸೇರಿಸುವುದಿಲ್ಲ.

ಹಾಟ್ ರಾಡ್ ಆಗಿ ಮಾರ್ಪಾಡು

ದಕ್ಷಿಣ ಕ್ಯಾಲಿಫೋರ್ನಿಯಾದ ಮುರಾಕ್, ಎಲ್ ಮಿರಾಜ್ ಮೊದಲಾದ ಒಣಗಿದ ಸರೋವರಗಳ ಸಮತಟ್ಟಾದ ನೆಲದ ಮೇಲೆ ಯುವಕರು ತಾವೇ ಸಜ್ಜುಗೊಳಿಸಿದ ಕಾರುಗಳನ್ನು ಓಡಿಸುತ್ತಿದ್ದರು. ಇಂತಹ ಸ್ಪರ್ಧೆಗಳನ್ನು ವ್ಯವಸ್ಥಿತವಾಗಿ ನಡೆಸಲು 1937ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಸ್ಥಾಪನೆಯಾಯಿತು. ಎರಡನೆಯ ಮಹಾಯುದ್ಧದ ನಂತರ ಈ ಹವ್ಯಾಸ ವ್ಯಾಪಕವಾಗಿ ಹಬ್ಬಿತು. 1948ರಲ್ಲಿ 'ಹಾಟ್ ರಾಡ್' ಎಂಬ ಪತ್ರಿಕೆಯೇ ಆರಂಭವಾಯಿತು.

ಕಾರಿನ ತೂಕವನ್ನು ತಗ್ಗಿಸಲು ಮಡ್‌ಗಾರ್ಡುಗಳನ್ನು ತೆಗೆಯುವುದು, ಗಾಳಿಯ ತಡೆಯನ್ನು ಕಡಿಮೆ ಮಾಡಲು ಕಿಟಕಿಯ ಕಂಬಗಳನ್ನು ಕತ್ತರಿಸಿ ಛಾವಣಿಯನ್ನು ತಗ್ಗಿಸುವುದು ಆಗಿನ ಮುಖ್ಯ ಮಾರ್ಪಾಡುಗಳು. ಸುಖಕ್ಕೆ ಅಲ್ಲಿ ಸ್ಥಾನವಿರಲಿಲ್ಲ.

ಸುಖಪ್ರಯಾಣದ ವಾಹನವಾಗಿ ಮಾರ್ಪಾಡು

1970ರಲ್ಲಿ ಇಲಿನಾಯ್ ರಾಜ್ಯದ ಪಿಯೋರಿಯಾದಲ್ಲಿ ಮೊದಲ ರಾಷ್ಟ್ರೀಯ ಸ್ಟ್ರೀಟ್ ರಾಡ್ ಸಮಾವೇಶ ನಡೆಯಿತು. ಇಂತಹ ಕೂಟಗಳಿಗೆ ಕಾರನ್ನು ದೂರದ ಊರುಗಳಿಂದ ಓಡಿಸಿಕೊಂಡು ಬರುವ ಹವ್ಯಾಸಿಗಳಿಗೆ ವೇಗದಷ್ಟೇ ಸೌಕರ್ಯವೂ ಮುಖ್ಯವೆನಿಸಿತು. ಆದರೆ ಹಳೆಯ ಕಾರಿನಲ್ಲಿ ಒಂದು ಭಾಗವನ್ನು ಬದಲಿಸಿದರೆ ಮತ್ತೊಂದನ್ನೂ ಬದಲಿಸಬೇಕಾಗುತ್ತದೆ.

* ಎಂಜಿನ್: 1955ರಲ್ಲಿ ಬಂದ ಷೆವ್ರೊಲೆ ಕಂಪನಿಯ ಸ್ಮಾಲ್ ಬ್ಲಾಕ್ ವಿ8 ಎಂಜಿನ್ ಚಿಕ್ಕದೂ ಹಗುರವೂ ಆಗಿದ್ದುದರಿಂದ, ಪ್ರತಿಸ್ಪರ್ಧಿ ಕಂಪನಿಯದಾದರೂ ಫೋರ್ಡ್ ಕೂಪೆಗಳಲ್ಲಿ ಧಾರಾಳವಾಗಿ ಬಳಕೆಗೆ ಬಂದಿತು. ಇದರೊಡನೆ ಸ್ವಯಂಚಾಲಿತ ಗೇರ್‌ಪೆಟ್ಟಿಗೆಯನ್ನು ಜೋಡಿಸುವುದು ರೂಢಿ.
* ಬ್ರೇಕ್: ಮೂಲ ಕಾರಿನ ಬ್ರೇಕುಗಳು ಸರಳುಗಳ ಮೂಲಕ ಕೆಲಸ ಮಾಡುವ ಯಾಂತ್ರಿಕ ಬ್ರೇಕುಗಳು. ಫೋರ್ಡ್ ಕಾರುಗಳಿಗೆ ಹೈಡ್ರಾಲಿಕ್ ಬ್ರೇಕ್ ಬಂದದ್ದು 1939ರಲ್ಲಿ. ಎಂಜಿನ್ನಿನ ಶಕ್ತಿ ಹಲವು ಪಟ್ಟು ಹೆಚ್ಚಿದಾಗ ಹಳೆಯ ಬ್ರೇಕನ್ನೇ ಉಳಿಸಿಕೊಳ್ಳುವುದು ಅಪಾಯಕರ. ಆದ್ದರಿಂದ ಡಿಸ್ಕ್ ಬ್ರೇಕುಗಳನ್ನು ಅಳವಡಿಸುತ್ತಾರೆ.
* ಸಸ್ಪೆನ್ಷನ್: ಮೂಲತಃ ಒಂದೇ ಅಡ್ಡ ಲೀಫ್ ಸ್ಪ್ರಿಂಗ್ ಮುಂದಿನ ಎರಡೂ ಗಾಲಿಗಳ ಭಾರ ಹೊರುತ್ತಿತ್ತು. ಅದರ ಬದಲಿಗೆ 1974ರಲ್ಲಿ ಬಂದ ಮಸ್ಟಾಂಗ್-2 ಕಾರಿನ ಮಾದರಿಯ ಸ್ವತಂತ್ರ ಸಸ್ಪೆನ್ಷನ್ ಬಳಸುವುದರಿಂದ, ಒಂದು ಗಾಲಿ ಹಳ್ಳಕ್ಕಿಳಿದರೆ ಇನ್ನೊಂದಕ್ಕೆ ಅದರ ಕುಲುಕು ಅಷ್ಟಾಗಿ ತಟ್ಟುವುದಿಲ್ಲ.
* ತಂಪು ಮತ್ತು ನಿಶ್ಶಬ್ದ: ಹವಾನಿಯಂತ್ರಕದ ಕಂಡೆನ್ಸರ್ ರೇಡಿಯೇಟರಿನ ಮುಂದೆ ಕೂರುವುದರಿಂದ ಗಾಳಿಗೆ ತಡೆಯಾಗಿ ಎಂಜಿನ್ ಬಿಸಿಯೇರುವ ಸಂಭವವಿದೆ. ಇದಕ್ಕಾಗಿ ದೊಡ್ಡ ರೇಡಿಯೇಟರ್ ಮತ್ತು ವಿದ್ಯುತ್ ಫ್ಯಾನ್ ಬೇಕಾಗುತ್ತವೆ. 6 ವೋಲ್ಟಿನ ವಿದ್ಯುತ್ ವ್ಯವಸ್ಥೆ 12 ವೋಲ್ಟಿಗೆ ಬದಲಾಗುತ್ತದೆ. ನೆಲ ಮತ್ತು ಬಾಗಿಲುಗಳ ಒಳಮೈಗೆ ಶಬ್ದ ಹೀರುವ ಹಾಸುಗಳನ್ನು ಅಂಟಿಸುತ್ತಾರೆ.

ಜನಪ್ರಿಯ ಸಂಸ್ಕೃತಿಯಲ್ಲಿ

ಬೀಚ್ ಬಾಯ್ಸ್ ತಂಡವು 1963ರಲ್ಲಿ 'ಲಿಟ್ಲ್ ಡ್ಯೂಸ್ ಕೂಪೆ' ಎಂಬ ಹಾಡನ್ನೂ ಅದೇ ಹೆಸರಿನ ಆಲ್ಬಮ್ಮನ್ನೂ ಹೊರತಂದಿತು. ಜಾರ್ಜ್ ಲೂಕಸ್ ನಿರ್ದೇಶನದ 'ಅಮೆರಿಕನ್ ಗ್ರಾಫಿಟಿ' (1973) ಚಲನಚಿತ್ರದಲ್ಲಿ ಹಳದಿ ಬಣ್ಣದ, ಐದು ಕಿಟಕಿಗಳ ಡ್ಯೂಸ್ ಕೂಪೆ ಪ್ರಮುಖವಾಗಿ ಕಾಣಿಸಿಕೊಂಡಿದೆ.

ಮೂಲರೂಪದ ಪ್ರಶ್ನೆ

ಸಂಪೂರ್ಣವಾಗಿ ಮಾರ್ಪಡಿಸಿದ ಕೂಪೆಯಲ್ಲಿ 1932ರ ಕಾಲದ್ದೆಂದು ಉಳಿಯುವುದು ಬಹುಮಟ್ಟಿಗೆ ಉಕ್ಕಿನ ಹೊರಕವಚ ಮಾತ್ರ. ಕತ್ತರಿಸಿದ ಛಾವಣಿಯನ್ನಾಗಲಿ ಬದಲಿಸಿದ ಚಾಸಿಯನ್ನಾಗಲಿ ಹಿಂದಿನಂತೆ ಮಾಡುವುದು ಸುಲಭವಲ್ಲ. ಆದ್ದರಿಂದ ಕೆಡದೆ ಉಳಿದಿರುವ ಕಾರನ್ನು ಹಾಗೆಯೇ ಕಾಪಾಡಬೇಕು ಎಂಬುದು ಸಂರಕ್ಷಣಾವಾದಿಗಳ ನಿಲುವು. ತುಕ್ಕು ಹಿಡಿದು ಗುಜರಿ ಸೇರಬೇಕಾದ ಕಾರುಗಳು ಮಾರ್ಪಾಡಿನಿಂದಲೇ ಮತ್ತೆ ರಸ್ತೆಗೆ ಬಂದಿವೆ ಎಂಬುದು ಹಾಟ್ ರಾಡ್ ಪ್ರಿಯರ ವಾದ. ಯುದ್ಧಾನಂತರದ ಹಾಟ್ ರಾಡ್‌ಗಳೂ ಈಗ ಐತಿಹಾಸಿಕ ವಸ್ತುಗಳಾಗಿರುವುದರಿಂದ, ಯಾವುದನ್ನು ಮೂಲರೂಪವೆಂದು ಕರೆಯಬೇಕೆಂಬ ಪ್ರಶ್ನೆ ಇನ್ನಷ್ಟು ಜಟಿಲವಾಗಿದೆ. ಹೊಸದಾಗಿ ತಯಾರಾಗುತ್ತಿರುವ ಉಕ್ಕಿನ ಮತ್ತು ಫೈಬರ್‌ಗ್ಲಾಸಿನ ಪ್ರತಿರೂಪ ಕವಚಗಳು ಈ ಬಿಕ್ಕಟ್ಟನ್ನು ಸ್ವಲ್ಪಮಟ್ಟಿಗೆ ಸಡಿಲಿಸಿವೆ: ಅವುಗಳನ್ನು ಬಳಸಿದರೆ ಹಳೆಯ ಕಾರಿಗೆ ಗರಗಸ ಹಾಕದೆಯೇ ಹೊಸ ಡ್ಯೂಸ್ ಕೂಪೆಯನ್ನು ಕಟ್ಟಬಹುದು.