ಕಪ್ಪು ವೈರಿನ ಎರಡು ಅರ್ಥ

ಅಮೆರಿಕದಲ್ಲಿ ಹಳೆಯ ಮೋಟರ್‌ಹೋಮ್ ಕೊಂಡವರಿಗೆ ಮೊದಲ ಒಗಟು ಎದುರಾಗುವುದು ಸಾಮಾನ್ಯವಾಗಿ ಬ್ಯಾಟರಿ ಪೆಟ್ಟಿಗೆಯಲ್ಲಿ. ಇಂಥ ಗಾಡಿಯಲ್ಲಿ ಎರಡು ಬ್ಯಾಟರಿ ಇರುತ್ತವೆ: ಎಂಜಿನ್ ಚಾಲೂ ಮಾಡಲು ಒಂದು, ಒಳಗಿನ ದೀಪ, ಪಂಪು, ಫ್ಯಾನುಗಳಿಗೆ ಇನ್ನೊಂದು. ಈ ಎರಡನೆಯದು ಸತ್ತಿದೆ ಎಂದು ಹೊಸದನ್ನು ತಂದರೆ, ಪೆಟ್ಟಿಗೆಯಲ್ಲಿ ಕಾಣುವುದು ಒಂದು ಕಪ್ಪು ವೈರು, ಒಂದು ಬಿಳಿ ವೈರು. ಕಾರಿನ ಬಾನೆಟ್ ಎತ್ತಿ ನೋಡಿದವರಿಗೆಲ್ಲ ಕಪ್ಪು ಎಂದರೆ ನೆಗೆಟಿವ್. ಹಾಗೆಂದು ಸಿಕ್ಕಿಸಿದರೆ ಕಿಡಿ ಹಾರುತ್ತದೆ, ಒಳಗಿನ ಕನ್ವರ್ಟರಿನ ಫ್ಯೂಸು ಹೋಗುತ್ತದೆ. ಬಹಳಷ್ಟು ಮೋಟರ್‌ಹೋಮ್‌ಗಳಲ್ಲಿ ಕಪ್ಪೇ ಪಾಸಿಟಿವ್, ಬಿಳಿ ನೆಗೆಟಿವ್. ತಮಾಷೆಯೆಂದರೆ, ಬ್ಯಾಟರಿಯನ್ನು ತಿರುಗಾಮುರುಗಾ ಜೋಡಿಸಿದಾಗ ಸುಟ್ಟುಹೋಗಲೆಂದೇ ಕನ್ವರ್ಟರಿನಲ್ಲಿ ಬೇರೆ ಫ್ಯೂಸುಗಳನ್ನು ಇಟ್ಟಿರುತ್ತಾರೆ. ಜನ ಎಡವುವುದು ಎಲ್ಲಿ ಎಂದು ತಯಾರಕರಿಗೆ ಗೊತ್ತಿತ್ತು. ಬಣ್ಣ ಬದಲಿಸುವ ಬದಲು ಫ್ಯೂಸು ಹಾಕಿದರು.

ಈ ಗೊಂದಲದ ಹಿಂದೆ ಎರಡು ಕಸುಬುಗಳ ಇತಿಹಾಸವಿದೆ. ಮಂಚ, ಒಲೆ, ಫ್ರಿಜ್, ಕಕ್ಕಸು ಎಲ್ಲವೂ ಒಳಗೇ ಇರುವ ಗಾಡಿ ಇದು. ಮುಂಬಯಿಯವರು ಸಿನಿಮಾ ಮಂದಿಯ ವ್ಯಾನಿಟಿ ವ್ಯಾನನ್ನು ನೆನೆಸಿಕೊಂಡರೆ ಸಾಕು. ಅಯೋವಾ ರಾಜ್ಯದ ಫಾರೆಸ್ಟ್ ಸಿಟಿಯಲ್ಲಿ ವಿನ್ನೆಬೇಗೊ ಕಂಪನಿ 1966ರಲ್ಲಿ ಮೋಟರ್‌ಹೋಮ್‌ಗಳನ್ನು ತಯಾರಿಸತೊಡಗಿತು. ಈ ಉದ್ಯಮದ ರೀತಿಯೇ ಹಾಗೆ: ಎಂಜಿನ್ ಮತ್ತು ಚಾಸಿಯನ್ನು ಫೋರ್ಡ್, ಡಾಡ್ಜ್, ಷೆವ್ರೊಲೆಯಂಥ ಮೋಟಾರು ಕಂಪನಿಗಳಿಂದ ಕೊಳ್ಳುವುದು, ಅದರ ಮೇಲೆ ಮನೆ ಕಟ್ಟುವುದು. ಚಾಸಿಯ ವೈರಿಂಗ್ ಮೋಟಾರಿನ ಪದ್ಧತಿಯದು, ಅಲ್ಲಿ ಕಪ್ಪು ಎಂದರೆ ಅರ್ಥಿಂಗ್. ಮೇಲಿನ ಮನೆಯದು ಅಮೆರಿಕದ ಮನೆಗಳ ಪದ್ಧತಿ. ಅಲ್ಲಿ 120 ವೋಲ್ಟಿನ ಫೇಸ್ ವೈರು ಕಪ್ಪು, ನ್ಯೂಟ್ರಲ್ ಬಿಳಿ. ಆ ಬಣ್ಣಗಳೇ ಒಳಗಿನ 12 ವೋಲ್ಟಿಗೂ ಇಳಿದವು. ಡ್ರೈವರ್ ಸೀಟಿನ ಮುಂದೆ ಒಂದು ಭಾಷೆ, ಬೆನ್ನ ಹಿಂದೆ ಇನ್ನೊಂದು.

ನಮ್ಮ ಹಳೆಯ ಮನೆಗಳಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್. ಅದನ್ನು ನಂಬಿ ಅಮೆರಿಕದ ಮನೆಯ ಕಪ್ಪು ವೈರು ಮುಟ್ಟಿದರೆ ಶಾಕ್ ಹೊಡೆಯುತ್ತದೆ. ದೆಹಲಿಗೆ ಹೊಸದಾಗಿ ಹೋದ ಕನ್ನಡಿಗರಿಗೆ ಹಿಂದಿಯ ‘ಉಪನ್ಯಾಸ’ ಕಾದಂಬರಿಯೆಂದೂ ‘ಶಿಕ್ಷಾ’ ವಿದ್ಯೆಯೆಂದೂ ತಿಳಿಯಲು ಕೆಲವು ದಿನ ಬೇಕು. ಪೂರ್ತಿ ಅಪರಿಚಿತ ಪದಕ್ಕಿಂತ ಇಂಥ ಪರಿಚಿತ ಪದದಲ್ಲೇ ಮೋಸ ಹೋಗುವುದು ಹೆಚ್ಚು.

ಜರ್ಮನಿಯಲ್ಲಿ ಇದೇ ಕತೆ ಕಂದು ಬಣ್ಣದ್ದು. ಫೋಕ್ಸ್‌ವ್ಯಾಗನ್‌ನ ಡಬ್ಬಿ ವ್ಯಾನ್ 1950ರಲ್ಲಿ ಬಂತು. ಮರುವರ್ಷವೇ ವೆಸ್ಟ್‌ಫಾಲಿಯಾ ಕಂಪನಿ ಅದರೊಳಗಿಡುವ ಮಂಚ, ಕಪಾಟುಗಳನ್ನು ಮಾಡಲು ಶುರುಮಾಡಿತು. ಜರ್ಮನ್ ವಾಹನಗಳಲ್ಲಿ ಕಂದು ವೈರು ಎಂದರೆ ಅರ್ಥಿಂಗ್. ಯುರೋಪಿನ ಈಗಿನ ಮನೆ ವೈರಿಂಗಿನಲ್ಲಿ ಕಂದು ಎಂದರೆ ಫೇಸ್. ಹೊರಗಿನಿಂದ 230 ವೋಲ್ಟ್ ಎಳೆದುಕೊಂಡ ವ್ಯಾನಿನಲ್ಲಿ ಒಂದೇ ಬೀರುವಿನ ಹಿಂದೆ ಎರಡೂ ಕಂದು ವೈರು ಇರಬಹುದು. ಒಂದನ್ನು ಬರಿಗೈಯಲ್ಲಿ ಹಿಡಿದರೂ ಏನೂ ಆಗದು, ಇನ್ನೊಂದು ಕೊಲ್ಲಬಲ್ಲದು.

ಆ ಕಾಲದ ವ್ಯಾನುಗಳಿಗೆ ಮತ್ತೊಂದು ತೊಡಕು ಇತ್ತು. ಮೊದಮೊದಲು ಅವುಗಳ ವೈರಿಂಗ್ ಬರೀ 6 ವೋಲ್ಟಿನದು. 60 ವಾಟಿನ ದೀಪಕ್ಕೆ 6 ವೋಲ್ಟಿನಲ್ಲಿ 10 ಆಂಪಿಯರ್ ಬೇಕು, 12 ವೋಲ್ಟಿನಲ್ಲಿ 5 ಸಾಕು. ಅದೇ ವೈರಿನಲ್ಲಿ ಬಿಸಿಯಾಗಿ ಪೋಲಾಗುವ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ. ಅಮೆರಿಕದ ಕಾರು ಕಂಪನಿಗಳು 1950ರ ದಶಕದ ನಡುವಿನಲ್ಲೇ 12 ವೋಲ್ಟಿಗೆ ಬದಲಾದವು. ಅಲ್ಲಿಗೆ ಹೋಗುವ ಫೋಕ್ಸ್‌ವ್ಯಾಗನ್ ವ್ಯಾನುಗಳು ಬದಲಾದದ್ದು 1967ರ ಮಾದರಿಯಿಂದ. ಅದಕ್ಕಿಂತ ಹಳೆಯ ವ್ಯಾನು ಇದ್ದವರು ತಾವೇ ಬದಲಿಸಿಕೊಂಡರು: ಬಲ್ಬು ಹೊಸದು, ಬ್ಯಾಟರಿ ಹೊಸದು, ವೈಪರ್ ಮೋಟಾರು ಮಾತ್ರ ಹಳೆಯ 6 ವೋಲ್ಟಿನದೇ, ಅದರ ಮುಂದೊಂದು ರೆಸಿಸ್ಟರ್. ಮೂರನೆಯ ಮಾಲೀಕರ ಕೈಗೆ ಬರುವ ಹೊತ್ತಿಗೆ ಆ ರೆಸಿಸ್ಟರ್ ಯಾಕಿದೆ, ಯಾಕಿಷ್ಟು ಬಿಸಿಯಾಗುತ್ತದೆ ಎಂದು ಹೇಳುವವರು ಇರುವುದಿಲ್ಲ.

ಮೋಟಾರಿನ ಪದ್ಧತಿಯಲ್ಲಿ ಕರೆಂಟ್ ವಾಪಸು ಬರುವುದು ಗಾಡಿಯ ಕಬ್ಬಿಣದ ಮೈಯ ಮೂಲಕ. ಅರ್ಧದಷ್ಟು ವೈರು ಉಳಿಯುತ್ತದೆ, ನಿಜ. ಆದರೆ ಇಪ್ಪತ್ತು ವರ್ಷ ಮಳೆಯಲ್ಲಿ ನಿಂತ ಗಾಡಿಯಲ್ಲಿ ವೈರು ಮೈಗೆ ಸೇರುವ ಪ್ರತಿ ಸ್ಕ್ರೂ ಕೆಳಗೂ ತುಕ್ಕು. ಹಳೆಯ ಗಾಡಿಗಳ ‘ಭೂತ’ಗಳಲ್ಲಿ ಹೆಚ್ಚಿನವು ಇಲ್ಲೇ ವಾಸ: ಪಂಪು ಹಾಕಿದರೆ ದೀಪ ಮಂಕಾಗುತ್ತದೆ, ಇಂಡಿಕೇಟರ್ ಹಾಕಿದರೆ ಬ್ರೇಕ್ ಲೈಟು ಮಿನುಗುತ್ತದೆ. ಮಲ್ಟಿಮೀಟರ್ ಇಲ್ಲಿ ದಾರಿ ತಪ್ಪಿಸುತ್ತದೆ. ಡಿಜಿಟಲ್ ಮೀಟರು ಎಳೆಯುವ ಕರೆಂಟ್ ಎಷ್ಟು ಕಡಿಮೆಯೆಂದರೆ, ತುಕ್ಕಿನ ಮೂಲಕ ಅಳೆದರೂ ಪೂರ್ತಿ 12 ವೋಲ್ಟ್ ತೋರಿಸುತ್ತದೆ. ಅದೇ ಜಾಗದಲ್ಲಿ ಬರೀ 1 ಓಮ್ ಪ್ರತಿರೋಧವಿದ್ದರೂ, 5 ಆಂಪಿಯರ್ ಬೇಡುವ ದೀಪಕ್ಕೆ ತಲುಪುವುದು ಎಂಟೊಂಬತ್ತು ವೋಲ್ಟ್. ಆದ್ದರಿಂದ ಅನುಭವಿಗಳು ದೀಪ ಉರಿಯುತ್ತಿರುವಾಗಲೇ ಅಳೆಯುತ್ತಾರೆ, ಇಲ್ಲವೇ ಹಳೇ ಕಾಲದ ಹೆಡ್‌ಲೈಟ್ ಬಲ್ಬಿಗೆ ಎರಡು ವೈರು ಕಟ್ಟಿ ಟೆಸ್ಟರ್ ಮಾಡಿಕೊಳ್ಳುತ್ತಾರೆ. ಐನೂರು ರೂಪಾಯಿಯ ಮೀಟರಿಗಿಂತ ಈ ಬಲ್ಬಿಗೇ ಹೆಚ್ಚು ಬುದ್ಧಿ.

12 ವೋಲ್ಟಿನಲ್ಲಿ ಎಡವಿದರೆ ಹೆಚ್ಚಾಗಿ ಹೋಗುವುದು ಫ್ಯೂಸು. ಫ್ಯೂಸಿನ ಜಾಗದಲ್ಲಿ ಯಾರಾದರೂ ತಂತಿ ಸುತ್ತಿದ್ದರೆ ಮಾತ್ರ ಬೆಂಕಿ. ಹೊರಗಿನ ಕರೆಂಟಿನ ಮಾತು ಬೇರೆ. ಅಮೆರಿಕದ ಮನೆಯ ಮುಖ್ಯ ಪ್ಯಾನೆಲಿನಲ್ಲಿ ನ್ಯೂಟ್ರಲ್ ಮತ್ತು ಅರ್ಥಿಂಗ್ ಒಂದಕ್ಕೊಂದು ಸೇರಿರುತ್ತವೆ. ಮೋಟರ್‌ಹೋಮ್‌ನಲ್ಲಿ ಸೇರಬಾರದು. ಮನೆ ಕೆಲಸ ಮಾಡಿ ಪಳಗಿದ ಎಲೆಕ್ಟ್ರಿಷಿಯನ್ ಅಭ್ಯಾಸಬಲದಿಂದ ಸೇರಿಸಿಬಿಟ್ಟರೆ ಗಾಡಿಯ ಮೈ ನ್ಯೂಟ್ರಲ್‌ಗೆ ಅಂಟಿತು. ಗಾಡಿ ನಿಂತಿರುವುದು ರಬ್ಬರ್ ಟೈರುಗಳ ಮೇಲೆ. ತಂಗುದಾಣದ ಸಾಕೆಟ್ಟಿನಲ್ಲಿ ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿ, ಅರ್ಥಿಂಗ್ ವೈರೂ ಎಲ್ಲೋ ತುಂಡಾಗಿದ್ದರೆ ಇಡೀ ಮೈಯಲ್ಲಿ 120 ವೋಲ್ಟ್. ಒಳಗೆ ಮಲಗಿದವರಿಗೆ ಏನೂ ಗೊತ್ತಾಗದು. ಒದ್ದೆ ಹುಲ್ಲಿನ ಮೇಲೆ ಬರಿಗಾಲಲ್ಲಿ ನಿಂತು ಬಾಗಿಲ ಹಿಡಿ ಮುಟ್ಟಿದ ಮಗುವಿಗೆ ಗೊತ್ತಾಗುತ್ತದೆ. ಇನ್ನೊಂದು ಅಭ್ಯಾಸದ ತಪ್ಪು 30 ಆಂಪಿಯರ್ ಸಾಕೆಟ್ಟಿನದು. ಬಟ್ಟೆ ಒಣಗಿಸುವ ಯಂತ್ರಕ್ಕೆ 30 ಆಂಪಿಯರ್ ಎಂದರೆ 240 ವೋಲ್ಟ್, ಮೋಟರ್‌ಹೋಮಿಗೆ 30 ಆಂಪಿಯರ್ ಎಂದರೆ 120. ಮನೆಯಂಗಳದಲ್ಲಿ ಸಾಕೆಟ್ ಹಾಕಿಸಿಕೊಂಡು, ಕನ್ವರ್ಟರು, ಮೈಕ್ರೋವೇವ್ ಒಟ್ಟಿಗೇ ಸುಟ್ಟುಕೊಂಡವರು ಕಡಿಮೆಯಿಲ್ಲ.

ಜರ್ಮನ್ನರು ಬಣ್ಣದ ಜೊತೆಗೆ ಅಂಕಿಯನ್ನೂ ಬಳಸಿದರು. ಡಿಐಎನ್ 72552 ಎಂಬ ಮಾನಕದ ಪ್ರಕಾರ 30 ಎಂದರೆ ಬ್ಯಾಟರಿಯಿಂದ ನೇರ ಬರುವ ಪಾಸಿಟಿವ್, 15 ಎಂದರೆ ಕೀಲಿ ತಿರುಗಿಸಿದಾಗ ಬರುವುದು, 31 ಅರ್ಥಿಂಗ್. ಬಿಸಿಲಿಗೆ ಕಂದು ಬಣ್ಣ ಕೆಂಪಿನ ಹಾಗೆ ಕಂಡರೂ ಲೋಹದ ಪಕ್ಕ ಅಚ್ಚೊತ್ತಿದ ಅಂಕಿ ಹಾಗೇ ಇರುತ್ತದೆ. ಆ ಅಂಕಿಗಳು ದೇಶ ದಾಟಿದವು. ಪುಣೆಯ ಆಟೋ ಬಿಡಿಭಾಗಗಳ ಅಂಗಡಿಯಲ್ಲಿ ಹಾರ್ನಿನ ರಿಲೇ ಕೊಂಡು ತಿರುಗಿಸಿ ನೋಡಿದರೆ ಪಿನ್ನುಗಳ ಪಕ್ಕದಲ್ಲಿ 30, 85, 86, 87 ಎಂದು ಬರೆದಿರುತ್ತದೆ.