ಕುಡಿತಕ್ಕೂ ಮದ್ದುಂಟು

ಕುಡಿತ ಬಿಡಿಸುವ ಮಾತ್ರೆ ಅಂದರೆ ನಮ್ಮ ಕಡೆ ಹೆಚ್ಚಿನವರಿಗೆ ಗೊತ್ತಿರುವುದು ಒಂದೇ. ಅದನ್ನು ನುಂಗಿದವನು ಆಮೇಲೆ ಒಂದು ಗುಟುಕು ಹಾಕಿದರೂ ಮುಖ ಕೆಂಪೇರಿ, ಎದೆ ಡವಡವ ಹೊಡೆದುಕೊಂಡು, ವಾಂತಿ ಮಾಡಿಕೊಂಡು ಮೂಲೆ ಹಿಡಿಯುತ್ತಾನೆ. ಹೆದರಿಸಿ ಬಿಡಿಸುವ ಮದ್ದು ಅದು. ಆದರೆ ವೈದ್ಯಶಾಸ್ತ್ರ ಆ ಮಾತ್ರೆಯನ್ನು ದಾಟಿ ಮೂವತ್ತು ವರ್ಷಗಳೇ ಕಳೆದಿವೆ. ಕುಡಿಯಬೇಕೆಂಬ ತಲಬನ್ನೇ ತಗ್ಗಿಸುವ ಔಷಧಗಳು ಇಂದು ಇವೆ. ಪೂರ್ತಿ ಬಿಡಲು ಇನ್ನೂ ಮನಸ್ಸು ಗಟ್ಟಿಯಾಗದವನಿಗೆ ಕಡಿಮೆ ಮಾಡಿಕೊಳ್ಳಲು ಕೈಹಿಡಿಯುವ ಔಷಧಗಳೂ ಇವೆ. ಈ ಸುದ್ದಿ ನಮ್ಮ ಊರುಕೇರಿಗಳನ್ನು ಸರಿಯಾಗಿ ತಲುಪಿಲ್ಲ ಎಂಬ ಸಂಕಟವೇ ಈ ಲೇಖನಕ್ಕೆ ಕಾರಣ.

ಕುಡಿತಕ್ಕೆ ಮದ್ದು ಮಾರುವ ವ್ಯಾಪಾರ ಹಳೆಯದು. ಅಮೆರಿಕದ ಇಲಿನಾಯ್ ರಾಜ್ಯದ ಡ್ವೈಟ್ ಎಂಬ ಪುಟ್ಟ ಊರಿನಲ್ಲಿ ಲೆಸ್ಲಿ ಕೀಲಿ ಎಂಬ ವೈದ್ಯರು 1879ರಲ್ಲಿ 'ಚಿನ್ನದ ಮದ್ದು' ಎಂದು ಒಂದನ್ನು ಶುರುಮಾಡಿದರು. ಜನ ಸಾವಿರಗಟ್ಟಲೆ ಮುಗಿಬಿದ್ದರು. ಅದರಲ್ಲಿ ಏನೇನಿದೆ ಎಂಬುದನ್ನು ಮಾತ್ರ ಅವರು ಗುಟ್ಟಾಗಿಯೇ ಇಟ್ಟರು. 1930ರ ದಶಕದಲ್ಲಿ ವಾಂತಿ ಬರಿಸುವ ಔಷಧ ಚುಚ್ಚಿ, ಹೊಟ್ಟೆ ತೊಳಸುವ ಹೊತ್ತಿಗೆ ಸರಿಯಾಗಿ ಕೈಗೆ ವಿಸ್ಕಿ ಕೊಡುವ ಚಿಕಿತ್ಸೆ ಬಂತು. ಕುಡುಕನನ್ನು ಶಿಕ್ಷಿಸಿದರೆ ತಿದ್ದಿಕೊಳ್ಳುತ್ತಾನೆ ಎಂಬ ನಂಬಿಕೆಯೇ ಇದರ ಬುಡದಲ್ಲಿತ್ತು.

ಮೊದಲ ನಿಜವಾದ ಔಷಧ ಬಂದದ್ದು ರಬ್ಬರ್ ಉದ್ಯಮದ ಕಡೆಯಿಂದ. ರಬ್ಬರ್ ಹದಮಾಡಲು ಬಳಸುವ ಒಂದು ಜಾತಿಯ ಗಂಧಕದ ರಾಸಾಯನಿಕಗಳ ನಡುವೆ ದುಡಿಯುವವರು ಬಿಯರ್ ಕುಡಿದರೆ ಹುಷಾರು ತಪ್ಪುತ್ತಾರೆ ಎಂಬುದನ್ನು ಅಮೆರಿಕದ ಕಾರ್ಖಾನೆಯೊಂದರ ವೈದ್ಯ ಇ. ಇ. ವಿಲಿಯಮ್ಸ್ 1937ರಲ್ಲೇ ಬರೆದಿದ್ದರು. ಇದೇ ಕುಡಿತಕ್ಕೆ ಮದ್ದಾದೀತೇ ಎಂದೂ ಕೇಳಿದ್ದರು. ಯಾರೂ ಕಿವಿಗೊಡಲಿಲ್ಲ. ಸುಮಾರು ಹತ್ತು ವರ್ಷಗಳ ಮೇಲೆ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಮೆಡಿಸಿನಾಲ್ಕೊ ಎಂಬ ಔಷಧ ಕಂಪನಿಯ ಯೆನ್ಸ್ ಹಾಲ್ಡ್ ಮತ್ತು ಎರಿಕ್ ಯಾಕೋಬ್ಸೆನ್ ಜಂತುಹುಳುವಿಗೆ ಮದ್ದು ಹುಡುಕುತ್ತ ಅದೇ ಜಾತಿಯ ಡೈಸಲ್ಫಿರಾಮನ್ನು ಕೈಗೆತ್ತಿಕೊಂಡರು. ಹೊಸ ಔಷಧವನ್ನು ಮೊದಲು ತಮ್ಮ ಮೇಲೆಯೇ ಪ್ರಯೋಗಿಸಿ ನೋಡುವ ರೂಢಿ ಆ ಕಂಪನಿಯಲ್ಲಿತ್ತು. ಹಾಗೆ ಮುಂದೆ ಬರುತ್ತಿದ್ದ ನೌಕರರ ಗುಂಪಿಗೆ 'ಸಾವಿನ ದಳ' ಎಂದೇ ಹೆಸರು ಬಿದ್ದಿತ್ತು. ಮಾತ್ರೆ ನುಂಗಿದ್ದ ಇಬ್ಬರೂ ಎಂದಿನಂತೆ ಕುಡಿದಾಗ ಹುಷಾರು ತಪ್ಪಿದರು. ಒಬ್ಬರಿಗೊಬ್ಬರು ಹೇಳಿಕೊಂಡಾಗ ಕಾರಣ ಹೊಳೆಯಿತು. ಓಲುಫ್ ಮಾರ್ಟೆನ್ಸನ್-ಲಾರ್ಸೆನ್ ಎಂಬ ವೈದ್ಯರು ಅದನ್ನು ರೋಗಿಗಳಿಗೆ ಕೊಟ್ಟರು. 1948ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿಗಳು ಬಂದವು. ಆಂಟಾಬ್ಯೂಸ್ ಎಂಬ ಹೆಸರಿನಲ್ಲಿ 1951ರಲ್ಲಿ ಅಮೆರಿಕದ ಒಪ್ಪಿಗೆಯೂ ಸಿಕ್ಕಿತು.

ಅದು ಕೆಲಸ ಮಾಡುವ ಬಗೆ ಸರಳ. ಮದ್ಯ ಯಕೃತ್ತಿನಲ್ಲಿ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗುತ್ತದೆ, ಆಮೇಲೆ ಒಂದು ಕಿಣ್ವ ಅದನ್ನು ನಿರಪಾಯವಾದ ವಸ್ತುವಾಗಿ ಮಾರ್ಪಡಿಸುತ್ತದೆ. ಡೈಸಲ್ಫಿರಾಮ್ ಆ ಕಿಣ್ವದ ಕೈ ಕಟ್ಟಿಹಾಕುತ್ತದೆ. ವಿಷ ರಕ್ತದಲ್ಲಿ ಉಳಿದು ಮೈಯೆಲ್ಲ ರಂಪವಾಗುತ್ತದೆ. (ಜಪಾನ್, ಚೀನಾ, ಕೊರಿಯಾಗಳ ಅನೇಕರಲ್ಲಿ ಈ ಕಿಣ್ವ ಹುಟ್ಟಿನಿಂದಲೇ ದುರ್ಬಲ. ಒಂದು ಲೋಟಕ್ಕೇ ಮುಖ ಕೆಂಪಾಗುವ ಅವರಲ್ಲಿ ಕುಡಿತದ ಚಟ ಕಡಿಮೆ.) ಮೊದಲ ವರ್ಷಗಳಲ್ಲಿ ವೈದ್ಯರು ದೊಡ್ಡ ದೊಡ್ಡ ಪ್ರಮಾಣದಲ್ಲಿ ಮಾತ್ರೆ ಕೊಟ್ಟು, ಎದುರಿಗೇ ಮದ್ಯ ಕುಡಿಸಿ, ಹೀಗಾಗುತ್ತದೆ ನೋಡು ಎಂದು ತೋರಿಸುತ್ತಿದ್ದರು. ಕೆಲವರು ಸತ್ತರು. ಆಮೇಲೆ ಪ್ರಮಾಣ ದಿನಕ್ಕೆ 250 ಮಿಲಿಗ್ರಾಮಿನ ಆಸುಪಾಸಿಗೆ ಇಳಿಯಿತು.

1986ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದು ಈ ಮಾತ್ರೆಯ ದೌರ್ಬಲ್ಯವನ್ನು ತೋರಿಸಿತು. ಸೇನೆಯಿಂದ ನಿವೃತ್ತರಾದ 605 ಮಂದಿಯಲ್ಲಿ ಡೈಸಲ್ಫಿರಾಮ್ ಪಡೆದವರಿಗೂ ಪಡೆಯದವರಿಗೂ ಪೂರ್ತಿ ಬಿಡುವ ವಿಷಯದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಕಾರಣ, ಮಾತ್ರೆಯನ್ನು ಹೇಳಿದಂತೆ ನುಂಗಿದವರು ಐವರಲ್ಲಿ ಒಬ್ಬರು. ಕುಡಿಯಬೇಕೆನಿಸಿದವನು ಮಾತ್ರೆ ಬಿಟ್ಟರಾಯಿತು! ಮಾತ್ರೆ ಕೊಡುವವರೊಬ್ಬರು ಮನೆಯಲ್ಲಿದ್ದರೆ ಕಥೆ ಬೇರೆ. ಮುಂಬೈಯಲ್ಲಿ ಡಿಸೋಜ ಎಂಬ ವೈದ್ಯರು ನೂರು ಗಂಡಸರ ಮೇಲೆ ಒಂದು ವರ್ಷ ನಡೆಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮನೆಯವರೂ ಚಿಕಿತ್ಸೆಗೆ ಜೊತೆಯಾಗಿದ್ದರು. ಅಲ್ಲಿ ಮತ್ತೆ ಕುಡಿತಕ್ಕೆ ಬಿದ್ದವರು ಡೈಸಲ್ಫಿರಾಮ್ ಗುಂಪಿನಲ್ಲಿ ಶೇ. 14, ಹೊಸ ಔಷಧ ನಾಲ್ಟ್ರೆಕ್ಸೋನ್ ಪಡೆದವರಲ್ಲಿ ಶೇ. 56. ಹೆಂಡತಿ, ತಾಯಿ ಎದುರು ನಿಂತು ಮಾತ್ರೆ ನುಂಗಿಸುವ ನಮ್ಮ ಸಂಸಾರಗಳಲ್ಲಿ ಹಳೆಯ ಮಾತ್ರೆಗೆ ಇನ್ನೂ ಜಾಗವಿದೆ ಎಂದೇ ನನ್ನ ಎಣಿಕೆ.

ಆದರೆ ಅದೇ ಮಾತ್ರೆಯನ್ನು ಗಂಡನಿಗೆ ಗೊತ್ತಾಗದ ಹಾಗೆ ಸಾರಿಗೋ ಕಾಫಿಗೋ ಪುಡಿಮಾಡಿ ಹಾಕುವುದು ಬೇರೆ ಮಾತು. ಆ ತಾಯಂದಿರ ಕಷ್ಟ ನನಗೆ ಅರ್ಥವಾಗುತ್ತದೆ, ಆದರೂ ದಯವಿಟ್ಟು ಹಾಗೆ ಮಾಡಬೇಡಿ. ತಿಳಿಯದೆ ಮಾತ್ರೆ ತಿಂದವನು ತಿಳಿಯದೆಯೇ ಕುಡಿಯುತ್ತಾನೆ. ಹೃದಯ ದುರ್ಬಲವಾಗಿದ್ದರೆ ಪ್ರಾಣ ಹೋಗಬಹುದು. ಮಾತ್ರೆ ನಿಲ್ಲಿಸಿದ ಮೇಲೂ ಅದರ ಪರಿಣಾಮ ಎರಡು ವಾರದವರೆಗೆ ಉಳಿಯಬಹುದು. ಮದ್ಯಸಾರವಿರುವ ಕೆಮ್ಮಿನ ಔಷಧ, ದಶಮೂಲಾರಿಷ್ಟದಂತಹ ಅರಿಷ್ಟಗಳೂ ಆಗ ತೊಂದರೆ ಕೊಡಬಲ್ಲವು.

ಹೆದರಿಕೆಯ ದಾರಿಯನ್ನು ಬಿಟ್ಟು ಮೆದುಳಿನ ಒಳಗೆ ನೋಡಿದವರಿಂದ ಈ ಕ್ಷೇತ್ರ ಹೊರಳಿತು. ಕುಡಿದಾಗ ಮೆದುಳಿನಲ್ಲಿ ಎಂಡಾರ್ಫಿನ್ ಎಂಬ, ಅಫೀಮನ್ನು ಹೋಲುವ ವಸ್ತುಗಳು ಬಿಡುಗಡೆಯಾಗುತ್ತವೆ, ಕುಡಿತದ ಸುಖದಲ್ಲಿ ಒಂದು ಪಾಲು ಅವುಗಳದ್ದು. ಅಫೀಮಿನ ಬಾಗಿಲಿಗೆ ಅಗುಳಿ ಹಾಕುವ ನಾಲ್ಟ್ರೆಕ್ಸೋನ್ ಎಂಬ ಔಷಧ ಹೆರಾಯಿನ್ ವ್ಯಸನಿಗಳಿಗಾಗಿ 1984ರಲ್ಲೇ ಅಮೆರಿಕದಲ್ಲಿ ಒಪ್ಪಿಗೆ ಪಡೆದಿತ್ತು. ಅದು ಕುಡಿತಕ್ಕೂ ಆದೀತೆಂದು ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಜೋಸೆಫ್ ವೊಲ್ಪಿಚೆಲ್ಲಿ ಮೊದಲು ಇಲಿಗಳಲ್ಲಿ, ಆಮೇಲೆ 70 ಗಂಡಸರಲ್ಲಿ ಪರೀಕ್ಷಿಸಿದರು. ಹನ್ನೆರಡು ವಾರಗಳಲ್ಲಿ ಮತ್ತೆ ವಿಪರೀತ ಕುಡಿತಕ್ಕೆ ಬಿದ್ದವರು, ಹೋಲಿಕೆಗೆಂದು ಔಷಧವಿಲ್ಲದ ಹುಸಿಮಾತ್ರೆ ಕೊಟ್ಟ ಗುಂಪಿನಲ್ಲಿ ಶೇ. 54, ನಾಲ್ಟ್ರೆಕ್ಸೋನ್ ಗುಂಪಿನಲ್ಲಿ ಶೇ. 23. 1992ರಲ್ಲಿ ಅದು ಪ್ರಕಟವಾದಾಗ ಜೊತೆಯಲ್ಲೇ ಯೇಲ್ ವಿಶ್ವವಿದ್ಯಾಲಯದ ಸ್ಟೆಫನಿ ಓಮ್ಯಾಲಿ ಅವರ ಅಧ್ಯಯನವೂ ಅದೇ ದಿಕ್ಕನ್ನು ತೋರಿಸಿತು. 1994ರ ಕೊನೆಗೆ ಒಪ್ಪಿಗೆ ಬಂತು. ದಿನಕ್ಕೊಂದು 50 ಮಿಲಿಗ್ರಾಮಿನ ಮಾತ್ರೆ. ಇದನ್ನು ನುಂಗಿ ಕುಡಿದರೆ ವಾಂತಿ, ಉರಿ ಏನೂ ಇಲ್ಲ. ಕುಡಿದದ್ದು ಸಪ್ಪೆಯಾಗುತ್ತದೆ, ಇನ್ನೊಂದು ಬೇಕೆನ್ನುವ ಎಳೆತ ಸಡಿಲವಾಗುತ್ತದೆ. ಮಾತ್ರೆ ಮರೆಯುವವರಿಗೆಂದು ತಿಂಗಳಿಗೊಮ್ಮೆ ಚುಚ್ಚುವ ರೂಪ 2006ರಲ್ಲಿ ಬಂತು.

ಇಲ್ಲಿ ಫಿನ್ಲೆಂಡಿನ ಕೊಡುಗೆಯನ್ನು ಮರೆಯುವಂತಿಲ್ಲ. ಆ ದೇಶದ ಸರ್ಕಾರಿ ಮದ್ಯ ಸಂಸ್ಥೆ ಆಲ್ಕೊ ತನ್ನದೇ ಸಂಶೋಧನಾಲಯ ನಡೆಸುತ್ತಿತ್ತು. ಅಲ್ಲಿ ದುಡಿದ ಅಮೆರಿಕನ್ ವಿಜ್ಞಾನಿ ಜಾನ್ ಡೇವಿಡ್ ಸಿಂಕ್ಲೇರ್ ಒಂದು ವಿಚಿತ್ರವನ್ನು ಗಮನಿಸಿದ್ದರು. ಮದ್ಯಕ್ಕೆ ಒಗ್ಗಿದ ಇಲಿಗಳಿಂದ ಅದನ್ನು ಕೆಲವು ವಾರ ಕಿತ್ತುಕೊಂಡು ಮತ್ತೆ ಕೊಟ್ಟರೆ ಅವು ಮೊದಲಿಗಿಂತ ಹೆಚ್ಚು ಕುಡಿಯುತ್ತವೆ. ಮಾಲೆ ಹಾಕಿಕೊಂಡು ನಲವತ್ತೆಂಟು ದಿನ ಮುಟ್ಟದೆ ಇದ್ದವನು ಮಾಲೆ ತೆಗೆದ ರಾತ್ರಿ ಹೇಗಿರುತ್ತಾನೆಂದು ಕಂಡವರಿಗೆ ಇದು ಹೊಸದೇನೂ ಅಲ್ಲ. ಸಿಂಕ್ಲೇರ್ ವಾದ ಹೀಗಿತ್ತು: ಕುಡಿಯುವುದಕ್ಕೆ ಒಂದು ಗಂಟೆ ಮುಂಚೆ ನಾಲ್ಟ್ರೆಕ್ಸೋನ್ ನುಂಗಿ ಕುಡಿಯಲಿ. ಕುಡಿದರೂ ಸುಖ ಸಿಗದಿದ್ದರೆ ಕಲಿತ ಚಟವನ್ನು ಮೆದುಳು ನಿಧಾನವಾಗಿ ಮರೆಯುತ್ತದೆ. 2001ರ ಫಿನ್ಲೆಂಡಿನ ಅಧ್ಯಯನವೊಂದು ಅವರ ವಾದಕ್ಕೆ ಬಲ ಕೊಟ್ಟಿತು: ಕುಡಿಯಲೇಬೇಡಿ ಎಂದು ಒತ್ತಾಯಿಸದೆ, ನಿಭಾಯಿಸುವ ಬಗೆ ಕಲಿಸಿ ಔಷಧ ಕೊಟ್ಟವರಲ್ಲಿ ಅದು ಚೆನ್ನಾಗಿ ಕೆಲಸ ಮಾಡಿತು. ಸಿಂಕ್ಲೇರ್ ಅನುಯಾಯಿಗಳು ಹೇಳುವಷ್ಟು ದೊಡ್ಡ ಯಶಸ್ಸಿಗೆ ಸಾಕ್ಷ್ಯ ಸಾಲದು. ಆದರೆ 'ಮೊದಲು ಬಿಟ್ಟು ಬಾ, ಆಮೇಲೆ ಚಿಕಿತ್ಸೆ' ಎಂಬ ಮಾತನ್ನು ಅವರು ತಲೆಕೆಳಗು ಮಾಡಿದರು. ಅವರು ತೀರಿಕೊಂಡದ್ದು 2015ರಲ್ಲಿ.

ಬಿಟ್ಟವರನ್ನು ಬಿಟ್ಟಲ್ಲೇ ನಿಲ್ಲಿಸುವ ಔಷಧ ಫ್ರಾನ್ಸಿನಿಂದ ಬಂತು. ಅದರ ಹೆಸರು ಅಕಾಂಪ್ರೊಸೇಟ್. ವರ್ಷಗಟ್ಟಲೆ ಕುಡಿದು ನಿಲ್ಲಿಸಿದವರ ಮೆದುಳು ತಿಂಗಳುಗಳ ಕಾಲ ಕೆರಳಿಯೇ ಇರುತ್ತದೆ. ನಿದ್ದೆ ಬಾರದು, ಒಳಗೇ ಚಡಪಡಿಕೆ. ಆ ಕೆರಳಿಕೆಯನ್ನು ಇದು ಶಮನ ಮಾಡುತ್ತದೆಂದು ತಿಳಿಯಲಾಗಿದೆ. ಜರ್ಮನಿಯಲ್ಲಿ 272 ಮಂದಿಯ ಮೇಲೆ ನಡೆದು 1996ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 48 ವಾರ ಒಂದು ಹನಿಯೂ ಮುಟ್ಟದವರು ಹುಸಿಮಾತ್ರೆಯವರಲ್ಲಿ ಶೇ. 21 ಇದ್ದರೆ, ಔಷಧ ಪಡೆದವರಲ್ಲಿ ಶೇ. 43. ಅಮೆರಿಕ ಇದಕ್ಕೆ ಒಪ್ಪಿಗೆ ಕೊಟ್ಟದ್ದು 2004ರಲ್ಲಿ. ಯಕೃತ್ತಿಗೆ ಹೊರೆಯಾಗದೆ ಮೂತ್ರಪಿಂಡದ ಮೂಲಕ ಹೋಗುವುದು ಇದರ ದೊಡ್ಡ ಗುಣ. ದಿನಕ್ಕೆ ಮೂರು ಹೊತ್ತು ಎರಡೆರಡರಂತೆ ಆರು ಮಾತ್ರೆ ನುಂಗಬೇಕಾದದ್ದು ದೊಡ್ಡ ಕಷ್ಟ.

ಇಷ್ಟರಲ್ಲಿ ವೈದ್ಯರು ಕೇಳುವ ಪ್ರಶ್ನೆಯೇ ಬದಲಾಗತೊಡಗಿತ್ತು. 'ಬಿಟ್ಟೆಯಾ?' ಎಂಬುದರ ಪಕ್ಕದಲ್ಲಿ 'ಎಷ್ಟು ಕಡಿಮೆಯಾಯಿತು?' ಎಂಬುದೂ ಬಂದು ಕೂತಿತು. ಕಡಿಮೆ ಮಾಡುವುದನ್ನೂ ಚಿಕಿತ್ಸೆಯ ಗುರಿಯೆಂದು ಯುರೋಪಿನ ಔಷಧ ಸಂಸ್ಥೆ 2010ರಲ್ಲಿ ಮಾನ್ಯಮಾಡಿತು. 2013ರಲ್ಲಿ ನಾಲ್ಟ್ರೆಕ್ಸೋನಿನ ಬಂಧುವಾದ ನಾಲ್ಮೆಫೀನಿಗೆ ಕುಡಿತ ಕಡಿಮೆ ಮಾಡಲೆಂದೇ ಒಪ್ಪಿಗೆ ಕೊಟ್ಟಿತು. ಕುಡಿಯುವ ಸಂದರ್ಭ ಬರಬಹುದೆನಿಸಿದ ದಿನ ನುಂಗುವ ಮಾತ್ರೆ ಅದು. ಅದರ ಲಾಭ ಎಷ್ಟೆಂಬ ಬಗ್ಗೆ ತಜ್ಞರಲ್ಲಿ ಜಗಳ ಇನ್ನೂ ಇದೆ. ಗುರಿಯ ಬಗ್ಗೆ ನನಗಂತೂ ಅನುಮಾನವಿಲ್ಲ. ನಮ್ಮ ಅಂಗಡಿಯ ಲೆಕ್ಕದಲ್ಲೇ ನೋಡಿ. ನಮ್ಮ ವಿಸ್ಕಿ, ಬ್ರಾಂದಿಗಳಲ್ಲಿ ಶೇ. 42.8 ಮದ್ಯಸಾರ. 30 ಮಿಲಿಯಲ್ಲಿ ಸುಮಾರು 10 ಗ್ರಾಂ, ಒಂದು ಕ್ವಾರ್ಟರಿನಲ್ಲಿ 60 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯಲ್ಲಿ ಗಂಡಸಿಗೆ ದಿನಕ್ಕೆ 100 ಗ್ರಾಂ ದಾಟಿದರೆ ಅತಿ ಹೆಚ್ಚಿನ ಅಪಾಯ, 40ರೊಳಗೆ ಇದ್ದರೆ ಕಡಿಮೆ ಅಪಾಯ. ದಿನಕ್ಕೆ ಎರಡು ಕ್ವಾರ್ಟರ್ ಹಾಕುವವನು ಒಂದು ನೈಂಟಿಗೆ ಇಳಿದರೆ 120 ಗ್ರಾಮಿನಿಂದ 30ಕ್ಕೆ ಬಂದ. ಮನೆಗೆ ಅಕ್ಕಿ ಬರುತ್ತದೆ, ಹೊಡೆತ ಬಡಿತ ಕಡಿಮೆಯಾಗುತ್ತದೆ, ಯಕೃತ್ತಿಗೂ ಉಸಿರಾಡಲು ಬಿಡುವು ಸಿಗುತ್ತದೆ. ಇದನ್ನು ಸೋಲು ಎಂದು ಕರೆಯುವುದು ತಪ್ಪು. ಯಕೃತ್ತು ಆಗಲೇ ಕೆಟ್ಟವರು ಮಾತ್ರ ಪೂರ್ತಿ ಬಿಡಲೇಬೇಕು.

ಈ ಔಷಧಗಳ ಬಲ ಎಷ್ಟು? ಪವಾಡವೇನಿಲ್ಲ. ಪ್ರಪಂಚದ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ 2023ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆ ಪ್ರಕಟಿಸಿದ ಲೆಕ್ಕದಂತೆ, ಹನ್ನೊಂದು ಮಂದಿಗೆ ನಾಲ್ಟ್ರೆಕ್ಸೋನ್ ಕೊಟ್ಟರೆ ಹುಸಿಮಾತ್ರೆಗಿಂತ ಒಬ್ಬರು ಹೆಚ್ಚಾಗಿ ವಿಪರೀತ ಕುಡಿತದಿಂದ ಪಾರಾಗುತ್ತಾರೆ. ಅಕಾಂಪ್ರೊಸೇಟ್ ಹನ್ನೊಂದರಲ್ಲಿ ಒಬ್ಬರನ್ನು ಮತ್ತೆ ಲೋಟ ಮುಟ್ಟದಂತೆ ತಡೆಯುತ್ತದೆ. ಸಣ್ಣ ಲಾಭ ಅನಿಸಬಹುದು. ಆದರೆ ನಾವು ದಿನವೂ ನುಂಗುವ ಎಷ್ಟೋ ಔಷಧಗಳ ಲಾಭ ಇದಕ್ಕಿಂತ ಸಣ್ಣದು. 2006ರ ಕಂಬೈನ್ ಎಂಬ ಅಧ್ಯಯನ ಇನ್ನೂ ಮುಖ್ಯವಾದುದನ್ನು ಹೇಳಿತು. 1,383 ಮಂದಿಯ ಆ ಪರೀಕ್ಷೆಯಲ್ಲಿ ಅಕಾಂಪ್ರೊಸೇಟ್ ನಿರಾಸೆ ತಂದಿತು, ನಾಲ್ಟ್ರೆಕ್ಸೋನ್ ಗೆದ್ದಿತು. ವಿಶೇಷ ತಜ್ಞರ ಆಪ್ತಸಮಾಲೋಚನೆ ಇಲ್ಲದೆ, ಸಾಮಾನ್ಯ ವೈದ್ಯರೋ ನರ್ಸೋ ಆಗಾಗ ಕೂರಿಸಿ ವಿಚಾರಿಸಿ ಔಷಧ ಕೊಟ್ಟರೂ ಫಲ ಸಿಕ್ಕಿತು. ತಾಲ್ಲೂಕು ಆಸ್ಪತ್ರೆಯ ವೈದ್ಯರು ಓದಬೇಕಾದ ಅಧ್ಯಯನ ಅದು.

ಮಿಕ್ಕವನ್ನು ಬೇಗ ಹೇಳಿಬಿಡುತ್ತೇನೆ. ಫ್ರಾನ್ಸಿನ ಹೃದ್ರೋಗ ತಜ್ಞ ಒಲಿವಿಯೆ ಅಮೇಸೆನ್ ಸ್ನಾಯು ಸಡಿಲಿಸುವ ಬ್ಯಾಕ್ಲೊಫೆನ್ ಮಾತ್ರೆಯನ್ನು ಬಹಳ ದೊಡ್ಡ ಪ್ರಮಾಣದಲ್ಲಿ ತಾವೇ ತೆಗೆದುಕೊಂಡು ಕುಡಿತದಿಂದ ಹೊರಬಂದರು. 2005ರಲ್ಲಿ ಅದನ್ನು ವೈದ್ಯಕೀಯ ಪತ್ರಿಕೆಯಲ್ಲಿ, 2008ರಲ್ಲಿ ಪುಸ್ತಕವಾಗಿ ಬರೆದರು. ದೇಶವೇ ಆ ಮಾತ್ರೆಯ ಹಿಂದೆ ಓಡಿತು. ದೊಡ್ಡ ಪ್ರಮಾಣದಲ್ಲಿ ಅದನ್ನು ತೆಗೆದುಕೊಂಡವರಲ್ಲಿ ಸಾವು ಮತ್ತು ಆಸ್ಪತ್ರೆ ವಾಸ ಹೆಚ್ಚೆಂದು 2017ರಲ್ಲಿ ತಿಳಿದ ಮೇಲೆ, ಮರುವರ್ಷ ದಿನಕ್ಕೆ 80 ಮಿಲಿಗ್ರಾಂ ಮೀರಬಾರದೆಂಬ ಕಟ್ಟಳೆಯೊಂದಿಗೆ ಫ್ರಾನ್ಸಿನಲ್ಲಿ ಒಪ್ಪಿಗೆ ಸಿಕ್ಕಿತು. ಅಪಸ್ಮಾರದ ಟೊಪಿರಮೇಟ್ ಕೂಡ ಕುಡಿತ ತಗ್ಗಿಸುತ್ತದೆಂದು 2003ರಿಂದ ಗೊತ್ತು. ಈಗ ಎಲ್ಲರ ಕಣ್ಣು ಸಕ್ಕರೆ ಕಾಯಿಲೆ ಮತ್ತು ಬೊಜ್ಜಿಗೆ ಕೊಡುವ ಸೆಮಾಗ್ಲುಟೈಡ್ ಮೇಲೆ. 2025ರಲ್ಲಿ ಪ್ರಕಟವಾದ ಒಂಬತ್ತು ವಾರಗಳ ಅಧ್ಯಯನದಲ್ಲಿ ಅದು ತಲಬನ್ನೂ ಒಂದು ಸಲಕ್ಕೆ ಕುಡಿಯುವ ಪ್ರಮಾಣವನ್ನೂ ಇಳಿಸಿತು. ಆದರೆ ಅದರಲ್ಲಿದ್ದವರು ಬರೀ 48 ಮಂದಿ. ಕಾದು ನೋಡಬೇಕು.

ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಅಕಾಂಪ್ರೊಸೇಟ್, ನಾಲ್ಟ್ರೆಕ್ಸೋನ್ ಎರಡನ್ನೂ ಕುಡಿತದ ಕಾಯಿಲೆಗೆ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಪಟ್ಟಿಗೂ ರೋಗಿಗೂ ನಡುವಿನ ದೂರ ಮಾತ್ರ ದೊಡ್ಡದು. ಅಮೆರಿಕದಲ್ಲೇ 2019ರಲ್ಲಿ ಈ ಕಾಯಿಲೆಯಿದ್ದವರಲ್ಲಿ ಔಷಧ ಪಡೆದವರು ಶೇ. 1.6. ಅದೇ ವರ್ಷ ನಮ್ಮ ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ಸಮೀಕ್ಷೆಯ ವರದಿ ಬಂತು. ದೇಶದಲ್ಲಿ ಕುಡಿತಕ್ಕೆ ನೆರವು ಬೇಕಾದವರು 5.7 ಕೋಟಿ, ಚಟಕ್ಕೆ ಪೂರ್ತಿ ಒಳಗಾದ 38 ಮಂದಿಯಲ್ಲಿ ಯಾವುದಾದರೂ ಚಿಕಿತ್ಸೆ ಕಂಡವನು ಒಬ್ಬ. ಬೆಂಗಳೂರಿನ ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯೂ ನೂರರಲ್ಲಿ 86 ಮಂದಿಗೆ ಚಿಕಿತ್ಸೆ ಸಿಕ್ಕಿಲ್ಲ ಎಂದಿತ್ತು. ನಮ್ಮ ರಾಜ್ಯ 2007ರಲ್ಲಿ ಸಾರಾಯಿ ನಿಷೇಧಿಸಿತು. ಧರ್ಮಸ್ಥಳದ ಯೋಜನೆಯ ಮದ್ಯವರ್ಜನ ಶಿಬಿರಗಳು ಊರೂರಲ್ಲಿ ನಡೆದಿವೆ. ಶಿಬಿರದಿಂದ ಮರಳಿದವನಿಗೆ ಮನೆಯಲ್ಲಿ, ಕೂಡುವ ಕಟ್ಟೆಯಲ್ಲಿ ಮೊದಲಿನ ಎಳೆತವೇ ಕಾದಿರುತ್ತದೆ. ಮಾತ್ರೆ ಅಲ್ಲಿ ಜೊತೆಗಿರಬೇಕು.

ಒಂದು ಎಚ್ಚರಿಕೆ. ಬೆಳಗ್ಗೆ ಎದ್ದ ಕೂಡಲೇ ಕೈ ನಡುಗಿ, ಕುಡಿದರೇ ನಿಲ್ಲುವ ಹಂತಕ್ಕೆ ಹೋದವರು ಮನೆಯಲ್ಲಿ ಒಮ್ಮೆಗೇ ನಿಲ್ಲಿಸಬಾರದು. ಎರಡು ದಿನದೊಳಗೆ ಫಿಟ್ಸ್, ಎರಡು ಮೂರು ದಿನಕ್ಕೆ ಸನ್ನಿ ಬರಬಹುದು. ಅದು ಪ್ರಾಣಕ್ಕೆ ಕುತ್ತು. 2020ರ ಲಾಕ್‌ಡೌನಿನಲ್ಲಿ ಅಂಗಡಿಗಳು ಒಮ್ಮೆಲೇ ಮುಚ್ಚಿದಾಗ ಬೆಂಗಳೂರಿನ ಆಸ್ಪತ್ರೆಗಳಿಗೆ ಇಂಥವರು ಹೆಚ್ಚಾಗಿ ಬಂದುದನ್ನು ನಿಮ್ಹಾನ್ಸ್ ವೈದ್ಯರು ದಾಖಲಿಸಿದ್ದಾರೆ. ಮೊದಲ ವಾರ ವೈದ್ಯರ ಕಣ್ಣಳತೆಯಲ್ಲಿ ಕ್ಲೋರ್‌ಡಯಜೆಪಾಕ್ಸೈಡ್‌ನಂತಹ ಮಾತ್ರೆ, ಥಯಾಮಿನ್ ಕೊಟ್ಟು ಈ ಗಂಡಾಂತರ ದಾಟಿಸಬೇಕು. ತಲಬು ತಗ್ಗಿಸುವ ಔಷಧದ ಸರದಿ ಆಮೇಲೆ. ಯಾವುದನ್ನು, ಎಷ್ಟು ದಿನ ಎಂಬುದನ್ನು ಯಕೃತ್ತು, ಮೂತ್ರಪಿಂಡ ಪರೀಕ್ಷಿಸಿ ವೈದ್ಯರೇ ನಿರ್ಧರಿಸಬೇಕು.

ಮನೆಯಲ್ಲಿ ಕುಡಿಯುವವರಿದ್ದರೆ ಬೈಯುವ ಮುನ್ನ ಒಮ್ಮೆ ಹತ್ತಿರದ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿ ಕರೆದುಕೊಂಡು ಹೋಗಿ; ಬಿಡುವುದಕ್ಕೆ ಒಪ್ಪದಿದ್ದರೆ ಕಡಿಮೆ ಮಾಡುವುದಕ್ಕಾದರೂ ಬಾ ಎನ್ನಿ. 'ಕುಡಿತಕ್ಕೆ ತಲಬು ಕಡಿಮೆ ಮಾಡುವ ಮಾತ್ರೆ ಇದೆಯಂತಲ್ಲ ಡಾಕ್ಟ್ರೇ' ಎಂದು ನೀವೇ ಕೇಳಿ. ಅಲ್ಲಿಯವರೆಗೂ ಹೋಗಲು ಸಂಕೋಚವಾದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ. ಸಂಖ್ಯೆ 14416. ಕರೆಗೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.