ಅಪ್ಪಣೆ ಕೇಳಬೇಕಾದವರು ಯಾರು?

ಪಾಂಡವಪುರ ತಾಲ್ಲೂಕಿನ ಮೇಲುಕೋಟೆ ನಿಮಗೆ ಗೊತ್ತು. ರಾಮಾನುಜರು ದಲಿತರನ್ನು ‘ತಿರುಕುಲದವರು’ ಎಂದು ಕರೆದು ಚೆಲುವನಾರಾಯಣನ ಗುಡಿಯೊಳಗೆ ಬಿಟ್ಟರು ಅನ್ನೋದು ಅಲ್ಲಿನ ಪ್ರತೀತಿ. ಹೆಮ್ಮೆಯ ವಿಷಯವೇ. ಆದರೆ ವೀಕ್ಷಕರೇ, ಆ ಪ್ರವೇಶ ವರ್ಷಕ್ಕೆ ಕೆಲವೇ ದಿನ. ಅಂದ್ರೆ ಅದು ಅಪ್ಪಣೆ, ಹಕ್ಕಲ್ಲ.

ಹಕ್ಕು ಬಂದದ್ದು 1950ರಲ್ಲಿ, ಸಂವಿಧಾನದ 17ನೇ ವಿಧಿಯಿಂದ. ಗುಡಿ, ಬಾವಿ, ಹೋಟೆಲಿನಲ್ಲಿ ತಡೆದವರನ್ನು ಶಿಕ್ಷಿಸಲು 1955ರಲ್ಲಿ ಅಸ್ಪೃಶ್ಯತೆ ಅಪರಾಧಗಳ ಕಾಯ್ದೆ ಬಂತು. ಸರಿ, ಒಳಗೆ ಹೋದವರ ಮೇಲೆ ಆಮೇಲೆ ಸೇಡು ತೀರಿಸಿಕೊಂಡರೆ? 1976ರ ತಿದ್ದುಪಡಿ ಅದಕ್ಕೂ ಉತ್ತರ ಕೊಟ್ಟಿತು. ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅಂತ ಹೆಸರು ಬದಲಾಯ್ತು. ಹಕ್ಕು ಚಲಾಯಿಸಿದ್ದಕ್ಕೆ ಪ್ರತೀಕಾರವಾಗಿ ಗಂಭೀರ ಅಪರಾಧ ಎಸಗಿದರೆ ಕನಿಷ್ಠ 2 ವರ್ಷ ಜೈಲು.

ಈಗ ಶ್ರೀರಂಗಪಟ್ಟಣ, ನಾಗಮಂಗಲ, ಕೆ.ಆರ್.ಪೇಟೆ, ಯಾವ ಊರೇ ಇರಲಿ, ಸೇಡು ತೀರಿಸಿಕೊಂಡ ಊರಿನವರ ಮೇಲೆ ದೂರು ಕೊಡೋಕೆ ಯಾರ ಅಪ್ಪಣೆಯೂ ಬೇಡ. ಆ ದೂರಿನ ತನಿಖೆಯನ್ನು ಬೇಕಂತಲೇ ಕಡೆಗಣಿಸಿದ ಅಧಿಕಾರಿಯೂ ಈ ಕಾಯ್ದೆಯ ಪ್ರಕಾರ ಅಪರಾಧಕ್ಕೆ ಕುಮ್ಮಕ್ಕು ಕೊಟ್ಟವನೇ. ಆದರೆ ತಿರುವು ಇರೋದು 15ನೇ ಸೆಕ್ಷನ್‌ನಲ್ಲಿ. ಕರ್ತವ್ಯದಲ್ಲಿದ್ದ ಅಧಿಕಾರಿ ಮೇಲಿನ ಈ ಆರೋಪವನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಕೋರ್ಟು ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ. 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲೂ ಕರ್ತವ್ಯ ಮರೆತ ಅಧಿಕಾರಿ ಮೇಲೆ ಕೇಸು ಹಾಕಲು ಆಡಳಿತಾತ್ಮಕ ವಿಚಾರಣೆಯ ಶಿಫಾರಸು ಬೇಕು.

ಪ್ರಾಮಾಣಿಕ ಅಧಿಕಾರಿಗೆ ಸುಳ್ಳು ಕೇಸಿನಿಂದ ರಕ್ಷಣೆ ಇರಲಿ, ಒಪ್ಪೋಣ. ಹಾಗಂತ ಅನುಮತಿಯ ಕಡತ ವಿಧಾನಸೌಧದಲ್ಲೇ ಮಲಗಿದರೆ? ನೊಂದವರು ಕಾಯ್ತಾನೇ ಇರಬೇಕು. ಆಗ ಸಂವಿಧಾನ ಕೊಟ್ಟ ಹಕ್ಕು ಮತ್ತೆ ಅಪ್ಪಣೆಯಾಗಿಬಿಡುತ್ತೆ. ಹೂಂ ಅನ್ನಲಿ, ಊಹೂಂ ಅನ್ನಲಿ, ಸರ್ಕಾರ ಗಡುವಿನೊಳಗೆ ಕಾರಣ ಬರೆದು ಹೇಳಲಿ.